ಶಾಬ್ಲಿ: ಚಳಿಯ ಅಂಚಿನಲ್ಲಿ ಹಣ್ಣಾಗುವ ಬಿಳಿ ವೈನ್

ಕ್ಯಾಲಿಫೋರ್ನಿಯಾದ ಒಳ್ಳೆ ಬಿಸಿಲಿನಲ್ಲಿ ಬೆಳೆದು, ಹೊಸ ಓಕ್ ಪೀಪಾಯಿಯಲ್ಲಿ ಕಾಲ ಕಳೆದ ಶಾರ್ಡನೆ ವೈನ್ ಕುಡಿದರೆ ಮಾಗಿದ ಅನಾನಸ್, ಬೆಣ್ಣೆ, ವೆನಿಲ್ಲಾ ನೆನಪಾಗುತ್ತದೆ. ಅದೇ ಶಾರ್ಡನೆ ದ್ರಾಕ್ಷಿಯಿಂದ ಫ್ರಾನ್ಸಿನ ಶಾಬ್ಲಿ ಎಂಬ ಊರಿನಲ್ಲಿ ಮಾಡಿದ ವೈನ್ ಕುಡಿದರೆ ಇದು ಬೇರೆಯೇ ಹಣ್ಣಿನದು ಅನ್ನಿಸುತ್ತದೆ. ನಿಂಬೆ, ಹಸಿರು ಸೇಬು, ನಾಲಿಗೆಯ ಅಂಚಿನಲ್ಲಿ ಉಪ್ಪಿನ ಸುಳಿವು, ನೀರು ಬಿದ್ದ ಕಲ್ಲಿನಂಥ ಒಂದು ವಾಸನೆ. ಎಲ್ಲಕ್ಕಿಂತ ಮೊದಲು ತಿಳಿಯುವುದು ಹುಳಿ. ಬಾಯಲ್ಲಿ ನೀರೂರಿಸಿ ಮುಂದಿನ ಗುಟುಕಿಗೆ ಕರೆಯುವ ಹುಳಿ ಅದು.

ಒಂದೇ ದ್ರಾಕ್ಷಿ, ಎರಡು ರುಚಿ. ಯಾಕೆ ಹೀಗೆ? ಈ ಪ್ರಶ್ನೆಗೆ ಫ್ರೆಂಚರು ಕೊಡುವ ಉತ್ತರ ಟೆರ್ವಾರ್. ಒಂದು ತೋಟದ ಮಣ್ಣು, ಅದರ ಕೆಳಗಿನ ಕಲ್ಲು, ಇಳಿಜಾರು, ಬಿಸಿಲು, ಗಾಳಿ, ಮಳೆ, ಅಲ್ಲಿ ತಲೆತಲಾಂತರದಿಂದ ಬಂದ ಕೃಷಿಯ ರೂಢಿ, ಇದೆಲ್ಲ ಸೇರಿ ಆ ಜಾಗಕ್ಕೆ ಬರುವ ಗುಣ. ಶಾಬ್ಲಿಯ ವಿಷಯ ಬಂದಾಗ ಮಾತ್ರ ಜನ ಇದರಲ್ಲಿ ಒಂದೇ ಅಂಶವನ್ನು ಹಿಡಿದುಕೊಳ್ಳುತ್ತಾರೆ: ಕಲ್ಲು. ಹದಿನೈದು ಕೋಟಿ ವರ್ಷ ಹಳೆಯ ಸಮುದ್ರದ ಚಿಪ್ಪುಗಳು ವೈನಿನಲ್ಲಿ ಮಾತಾಡುತ್ತವೆ ಎಂಬ ವರ್ಣನೆ ಎಲ್ಲ ಕಡೆ ಸಿಗುತ್ತದೆ. ಕಲ್ಲಿಗೆ ಪಾತ್ರ ಇದೆ, ದೊಡ್ಡ ಪಾತ್ರವೇ ಇದೆ. ಆದರೆ ಶಾಬ್ಲಿಯನ್ನು ಶಾಬ್ಲಿ ಮಾಡಿದ ಮೊದಲ ಸಂಗತಿ ಚಳಿ ಎಂದು ನಾನು ನಂಬುತ್ತೇನೆ. ಅದನ್ನು ಹಿಡಿದರೆ ಈ ಊರಿನ ರುಚಿ, ಅದರ ಕಾನೂನು, ಅದರ ಕಷ್ಟ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತಾ ಹೋಗುತ್ತವೆ.

ಊರು ಎಲ್ಲಿದೆ

ಶಾಬ್ಲಿ ಚಿಕ್ಕ ಊರು. ಜನಸಂಖ್ಯೆ 2,000ಕ್ಕಿಂತ ಸ್ವಲ್ಪ ಜಾಸ್ತಿ. ಪ್ಯಾರಿಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್. ಊರಿನ ಮಗ್ಗುಲಲ್ಲೇ ಸೆರೆನ್ ಎಂಬ ಪುಟ್ಟ ನದಿ ಹರಿಯುತ್ತದೆ. ನದಿಯ ಎರಡೂ ಕಡೆ ಗುಡ್ಡಗಳು, ಗುಡ್ಡದ ಮೈತುಂಬ ದ್ರಾಕ್ಷಿ ಸಾಲುಗಳು, ನೆತ್ತಿಯ ಮೇಲೆ ಕಾಡು.

ಶಾಬ್ಲಿ ಬರ್ಗಂಡಿ ಪ್ರಾಂತ್ಯಕ್ಕೆ ಸೇರಿದ್ದು. ಆದರೆ ಬರ್ಗಂಡಿ ವೈನಿನ ಕೇಂದ್ರವಾದ ಬೋನ್ ಪಟ್ಟಣ ಇಲ್ಲಿಂದ ನೂರು ಕಿಲೋಮೀಟರಿಗೂ ದೂರ ಇದೆ. ಶಾಂಪೇನ್ ಪ್ರಾಂತ್ಯದ ದಕ್ಷಿಣದ ತೋಟಗಳು ಅದಕ್ಕಿಂತ ಹತ್ತಿರ. ಈ ದೂರವನ್ನು ನೆನಪಿಟ್ಟುಕೊಳ್ಳಬೇಕು. ಶಾಬ್ಲಿಯ ಹವೆ ಬೋನ್‌ನಂತೆ ಇಲ್ಲ. ಚಳಿಗಾಲ ಉದ್ದ, ವಸಂತ ನಂಬಿಕೆಗೆ ಅರ್ಹವಲ್ಲ, ಬೇಸಿಗೆ ಕೆಲವು ವರ್ಷ ಚೆನ್ನಾಗಿ ಬಂದರೆ ಕೆಲವು ವರ್ಷ ಬರುವುದೇ ಇಲ್ಲ. ಭೂಮಧ್ಯರೇಖೆಯಿಂದ ಸುಮಾರು 48 ಡಿಗ್ರಿ ಉತ್ತರಕ್ಕಿರುವ ಈ ಜಾಗದಲ್ಲಿ ಶಾರ್ಡನೆ ಹಣ್ಣಾಗುವುದು ಕಷ್ಟಪಟ್ಟೇ.

ಆ ಕಷ್ಟದಲ್ಲಿಯೇ ರುಚಿಯ ಮೂಲ ಇದೆ. ದ್ರಾಕ್ಷಿ ಹಣ್ಣಾಗುವಾಗ ಒಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹುಳಿಗೆ ಮುಖ್ಯ ಕಾರಣ ಎರಡು ಆಮ್ಲಗಳು. ಒಂದು ಟಾರ್ಟಾರಿಕ್, ಅದು ಸಾಕಷ್ಟು ಗಟ್ಟಿ, ಬಿಸಿಲಿಗೆ ಅಷ್ಟಾಗಿ ಜಗ್ಗುವುದಿಲ್ಲ. ಇನ್ನೊಂದು ಮ್ಯಾಲಿಕ್, ಸೇಬಿನಲ್ಲಿ ಇರುವ ಆಮ್ಲ. ಇದನ್ನು ಕಾಯಿಯೇ ತನ್ನ ಉಸಿರಾಟದಲ್ಲಿ ಖರ್ಚು ಮಾಡುತ್ತದೆ. ಬಿಸಿ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ. ಬಿಸಿ ನಾಡಿನಲ್ಲಿ ಸಕ್ಕರೆ ಬೇಗ ತುಂಬುತ್ತದೆ, ಹುಳಿ ಅಷ್ಟೇ ಬೇಗ ಖಾಲಿಯಾಗುತ್ತದೆ. ಶಾಬ್ಲಿಯಲ್ಲಿ ಸೆಪ್ಟೆಂಬರ್ ರಾತ್ರಿಗಳು ತಣ್ಣಗಿರುತ್ತವೆ. ಸಕ್ಕರೆ ನಿಧಾನವಾಗಿ ಏರುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಕಾಯಿ ಪೂರ್ತಿ ಹಣ್ಣಾದ ಹೊತ್ತಿಗೂ ಅದರಲ್ಲಿ ಚುರುಕು ಇರುತ್ತದೆ. ಹಿಂದೆ ಅನೇಕ ವರ್ಷ ಸಕ್ಕರೆ ಸಾಕಾಗದೆ, ರಸ ಹುದುಗುವಾಗ ಹೊರಗಿನಿಂದ ಸಕ್ಕರೆ ಸೇರಿಸುತ್ತಿದ್ದರು. ಅದಕ್ಕೆ ನಿಯಮದಲ್ಲೂ ಅವಕಾಶ ಇತ್ತು.

ಕರ್ನಾಟಕದಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಇದು ತಲೆಕೆಳಗಾದ ಲೋಕ. ವಿಜಯಪುರದ ಕಡೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಾರೆ. ಏಪ್ರಿಲ್‌ನಲ್ಲಿ ಕಡ್ಡಿ ಬಲಿಯಲಿ ಅಂತ ಒಂದು, ಅಕ್ಟೋಬರ್‌ನಲ್ಲಿ ಕಾಯಿಗೆ ಇನ್ನೊಂದು. ನಮ್ಮ ಬಿಸಿಯಲ್ಲಿ ಬಳ್ಳಿ ಮಲಗುವುದೇ ಇಲ್ಲ, ಹಾಗಾಗಿ ಕತ್ತರಿಯಿಂದ ಅದರ ಕಾಲವನ್ನು ನಾವೇ ಗೊತ್ತುಮಾಡಬೇಕು. ನಂದಿ ಬೆಟ್ಟದ ಸುತ್ತಿನ ವೈನ್ ತೋಟಗಳೂ ಎತ್ತರದ ತಂಪನ್ನು ಹುಡುಕಿಕೊಂಡೇ ಅಲ್ಲಿಗೆ ಹೋಗಿದ್ದು. ಶಾಬ್ಲಿಯ ಬಳ್ಳಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ಚಳಿಗಾಲದಲ್ಲಿ ಒಂದೇ ಸಲ ಕಡ್ಡಿ ಸವರುತ್ತಾರೆ. ಏಪ್ರಿಲ್‌ನಲ್ಲಿ ಕಣ್ಣು ಒಡೆಯುತ್ತದೆ, ಜೂನ್‌ನಲ್ಲಿ ಹೂ, ಅಲ್ಲಿಂದ ಸುಮಾರು ನೂರು ದಿನಕ್ಕೆ ಕೊಯ್ಲು. ನಮಗೆ ಬಿಸಿಯನ್ನು ತಡೆಯುವುದು ಕೆಲಸ. ಅವರಿಗೆ ಸಿಕ್ಕಷ್ಟು ಬಿಸಿಯನ್ನು ಹಿಡಿದಿಡುವುದು ಕೆಲಸ.

ಕಲ್ಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಈಗ ಕಲ್ಲಿಗೆ ಬರೋಣ. ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ, ಉತ್ತರ ಫ್ರಾನ್ಸಿನ ಬಹುಭಾಗ ಬೆಚ್ಚಗಿನ, ಆಳವಿಲ್ಲದ ಸಮುದ್ರದ ಕೆಳಗಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು, ಜೇಡಿ, ಲೆಕ್ಕವಿಲ್ಲದಷ್ಟು ಚಿಪ್ಪುಗಳು ಪದರ ಪದರವಾಗಿ ಕೂತವು. ಮುಂದೆ ಈ ಪದರಗಳ ನಡುಭಾಗ ಕುಸಿಯಿತು. ಹಾಗಾಗಿ ಅವು ಇವತ್ತು ಒಂದರೊಳಗೊಂದು ಇಟ್ಟ ಊಟದ ತಟ್ಟೆಗಳಂತೆ ಇವೆ. ನಡುವೆ ಪ್ಯಾರಿಸ್ ಕೂತಿದೆ. ಪ್ರತಿ ತಟ್ಟೆಯ ಅಂಚು ಮಾತ್ರ ನೆಲದ ಮೇಲೆ ಕಾಣುತ್ತದೆ. ಅಂಥ ಒಂದು ಅಂಚು ಶಾಬ್ಲಿಯ ಗುಡ್ಡಗಳಲ್ಲಿ ಹೊರಗೆ ಬರುತ್ತದೆ. ಅದೇ ಅಂಚಿನ ಗುಂಟ ಪಶ್ಚಿಮಕ್ಕೆ ಹೋದರೆ ಸಾನ್ಸೇರ್ ಸಿಗುತ್ತದೆ, ಈಶಾನ್ಯಕ್ಕೆ ಹೋದರೆ ಶಾಂಪೇನಿನ ದಕ್ಷಿಣ ತುದಿ. ಮೂರೂ ಬಿಳಿ ದ್ರಾಕ್ಷಿಗೆ ಅಥವಾ ಬುರುಗು ವೈನಿಗೆ ಹೆಸರಾದ ಜಾಗಗಳೇ.

ಈ ಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಕಿಮ್ಮೆರಿಜಿಯನ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕಿಮ್ಮೆರಿಜ್ ಎಂಬ ಹಳ್ಳಿಯಿಂದ ಬಂದದ್ದು. ಜೇಡಿ ಬೆರೆತ ಮೆತ್ತನೆಯ ಸುಣ್ಣದ ಮಣ್ಣು ಒಂದು ಸ್ತರ, ಗಟ್ಟಿ ಸುಣ್ಣಕಲ್ಲು ಒಂದು ಸ್ತರ, ಹೀಗೆ ಒಂದಾದ ಮೇಲೊಂದು. ಒಡೆದು ನೋಡಿದರೆ ಒಳಗೆ ಅಲ್ಪವಿರಾಮದ ಆಕಾರದ, ಉಗುರಿನಷ್ಟು ಪುಟ್ಟ ಚಿಪ್ಪುಗಳು ಒತ್ತಾಗಿ ಅಂಟಿಕೊಂಡಿರುತ್ತವೆ. ಎಕ್ಸೊಗೈರಾ ವರ್ಗುಲಾ ಎಂಬ ಸಿಂಪಿಯ ಪಳೆಯುಳಿಕೆ ಅವು. ಇದರ ಮೇಲೆ, ಗುಡ್ಡದ ನೆತ್ತಿಯಲ್ಲಿ, ಇನ್ನೂ ಗಟ್ಟಿಯಾದ, ಸ್ವಲ್ಪ ಎಳೆಯ ಸುಣ್ಣಕಲ್ಲಿನ ಮುಚ್ಚಳ ಇದೆ. ಅದನ್ನು ಪೋರ್ಟ್‌ಲ್ಯಾಂಡಿಯನ್ ಅನ್ನುತ್ತಾರೆ. ಆ ಗಟ್ಟಿ ಮುಚ್ಚಳ ಕೆಳಗಿನ ಮೆತ್ತನೆಯ ಪದರವನ್ನು ಕಾಪಾಡಿದ್ದರಿಂದಲೇ ಅಲ್ಲಿ ಗುಡ್ಡಗಳು ಉಳಿದಿವೆ, ಇಳಿಜಾರುಗಳು ಉಂಟಾಗಿವೆ.

ಸಿಂಪಿಯ ಪಳೆಯುಳಿಕೆ ಇರುವ ನೆಲ, ಉಪ್ಪಿನ ಸುಳಿವಿರುವ ವೈನ್, ಸಿಂಪಿಯ ಜೊತೆ ಕುಡಿಯುವ ರೂಢಿ. ಮೂರನ್ನೂ ಒಂದು ದಾರದಲ್ಲಿ ಪೋಣಿಸಿ ಹೇಳುವ ಕತೆ ಕೇಳಲು ಚೆಂದ. ಆದರೆ ಬಳ್ಳಿಯ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಬೇರು ತೆಗೆದುಕೊಳ್ಳುವುದು ನೀರಿನಲ್ಲಿ ಕರಗಿದ ಪೊಟ್ಯಾಸಿಯಮ್, ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಪೋಷಕಾಂಶಗಳನ್ನು. ವೈನಿನಲ್ಲಿ ಅವು ಉಳಿಯುವ ಪ್ರಮಾಣ ತೀರಾ ಕಡಿಮೆ, ನಾಲಿಗೆಗೆ ಸಾಮಾನ್ಯವಾಗಿ ತಿಳಿಯದಷ್ಟು. ಸುಣ್ಣಕಲ್ಲಿಗಂತೂ ತನ್ನದೇ ವಾಸನೆ ಇಲ್ಲ. ವೇಲ್ಸ್‌ನ ಅಬರಿಸ್ಟ್‌ವಿತ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ವರ್ಷಗಳಿಂದ ತಾಳ್ಮೆಯಿಂದ ವಿವರಿಸುತ್ತಾ ಬಂದಿದ್ದಾರೆ. ಮೊದಲ ಮಳೆಗೆ ಏಳುವ ಮಣ್ಣಿನ ಘಮವೂ ಕಲ್ಲಿನದಲ್ಲ, ಮಣ್ಣಿನ ಸೂಕ್ಷ್ಮಜೀವಿಗಳದು ಮತ್ತು ಗಿಡಗಳ ಎಣ್ಣೆಯದು, ಅಲ್ವಾ? ಹಾಗೆಯೇ ವೈನಿನ ‘ಕಲ್ಲಿನ ವಾಸನೆ’ಗೆ ಹುದುಗುವಾಗ ಹುಟ್ಟುವ ಗಂಧಕದ ಕೆಲವು ಸಂಯುಕ್ತಗಳು, ತೀಕ್ಷ್ಣವಾದ ಹುಳಿ, ಹಣ್ಣಿನ ಸಿಹಿ ಘಮ ಕಡಿಮೆ ಇರುವುದು, ಇವೆಲ್ಲ ಕಾರಣ. ಅಂದರೆ ಆ ವಾಸನೆ ಸುಳ್ಳಲ್ಲ. ಕುಡಿದವರಿಗೆ ನಿಜವಾಗಿಯೂ ಸಿಗುತ್ತದೆ. ಅದು ಬಂದ ದಾರಿ ಮಾತ್ರ ಬೇರೆ.

ಹಾಗಾದರೆ ಕಲ್ಲು ಮಾಡುವ ಕೆಲಸ ಏನು? ನೀರನ್ನು ನಿಭಾಯಿಸುವುದು. ಬಿರುಕು ಬಿಟ್ಟ ಸುಣ್ಣಕಲ್ಲು ಮಳೆನೀರನ್ನು ಬೇಗ ಕೆಳಗೆ ಬಿಡುತ್ತದೆ, ಬೇರು ಕೊಳೆಯುವುದಿಲ್ಲ. ನಡುವಿನ ಜೇಡಿ ಸ್ತರ ಅಷ್ಟಿಷ್ಟು ತೇವವನ್ನು ಹಿಡಿದಿಟ್ಟು ಒಣ ದಿನಗಳಲ್ಲಿ ಬೇರಿಗೆ ಕೊಡುತ್ತದೆ. ಬಳ್ಳಿಗೆ ಹೊಟ್ಟೆ ತುಂಬ ನೀರು ಸಿಕ್ಕರೆ ಎಲೆ ಬಿಡುತ್ತಾ ಕೂರುತ್ತದೆ, ಕಾಯಿಯ ಕಡೆ ಗಮನ ಕಡಿಮೆ. ಏನೂ ಸಿಗದಿದ್ದರೆ ಹಣ್ಣಾಗುವುದನ್ನೇ ನಿಲ್ಲಿಸುತ್ತದೆ. ಕಿಮ್ಮೆರಿಜಿಯನ್ ಮಣ್ಣು ಇವೆರಡರ ನಡುವೆ ನಿಲ್ಲಿಸುತ್ತದೆ. ತಣ್ಣನೆ ಊರಿನಲ್ಲಿ ಶಾರ್ಡನೆ ಹೇಗಾದರೂ ಹಣ್ಣಾಗಬೇಕಾದರೆ ಈ ಸಮತೋಲನ ಬಹಳ ಮುಖ್ಯ. ನೆತ್ತಿಯ ಪೋರ್ಟ್‌ಲ್ಯಾಂಡಿಯನ್ ಮೇಲೆ ಮಣ್ಣು ತೆಳು, ಗಾಳಿ ಜಾಸ್ತಿ, ಹಣ್ಣಾಗುವುದು ತಡ. ಅಲ್ಲಿನ ವೈನ್ ಇನ್ನೂ ಹಗುರ, ಇನ್ನೂ ನೇರ.

ಸುಣ್ಣ ಜಾಸ್ತಿ ಇರುವ ನೆಲಕ್ಕೆ ಇನ್ನೊಂದು ತೊಂದರೆಯೂ ಇದೆ. ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹುಳದಿಂದ ಉಳಿಯಲು ಅಮೆರಿಕದ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಬೇಕಾಯಿತು. ಅಮೆರಿಕದ ಬೇರುಗಳಲ್ಲಿ ಬಹಳಷ್ಟು ಸುಣ್ಣ ತಾಳಲಿಲ್ಲ. ಕೊನೆಗೆ ಸುಣ್ಣಕ್ಕೆ ಒಗ್ಗುವ 41ಬಿ ಎಂಬ ಬೇರು ಇಲ್ಲಿ ನೆಲೆಯಾಯಿತು. ಟೆರ್ವಾರ್ ಅಂದರೆ ಪ್ರಕೃತಿ ಸುಮ್ನೆ ಕೊಟ್ಟದ್ದು ಅಂತ ಅಂದುಕೊಳ್ಳುವವರು ಈ ಬೇರಿನ ಕತೆಯನ್ನು ಗಮನಿಸಬೇಕು.

ಇಳಿಜಾರೇ ದರ್ಜೆ

ಶಾಬ್ಲಿಯ ಬಾಟಲಿ ಮೇಲೆ ನಾಲ್ಕು ದರ್ಜೆಗಳಲ್ಲಿ ಒಂದು ಇರುತ್ತದೆ, ಕೆಳಗಿನಿಂದ ಮೇಲಕ್ಕೆ ಹೇಳುವುದಾದರೆ: ಪೆಟಿ ಶಾಬ್ಲಿ, ಶಾಬ್ಲಿ, ಶಾಬ್ಲಿ ಪ್ರೆಮಿಯೇ ಕ್ರೂ, ಶಾಬ್ಲಿ ಗ್ರಾಂ ಕ್ರೂ. 1938ರಲ್ಲಿ ಶಾಬ್ಲಿ ಮತ್ತು ಗ್ರಾಂ ಕ್ರೂ ಹೆಸರುಗಳಿಗೆ ಕಾನೂನಿನ ರಕ್ಷಣೆ ಬಂತು. ಪೆಟಿ ಶಾಬ್ಲಿ 1944ರಲ್ಲಿ ಸೇರಿತು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಆದರೆ ಫ್ರೆಂಚ್ ಪದ್ಧತಿ ಪ್ರದೇಶಕ್ಕೆ ನಿಲ್ಲುವುದಿಲ್ಲ, ಗುಡ್ಡದ ಯಾವ ತುಂಡು ಭೂಮಿ ಯಾವ ದರ್ಜೆ ಎಂಬಲ್ಲಿಗೆ ಹೋಗುತ್ತದೆ. ಎಕರೆಗೆ ಎಷ್ಟು ಇಳುವರಿ, ಕನಿಷ್ಠ ಎಷ್ಟು ಹಣ್ಣಾಗಿರಬೇಕು ಎಂಬುದನ್ನೂ ಹೇಳುತ್ತದೆ.

ಈ ದರ್ಜೆಗಳನ್ನು ಯಾರ ಪ್ರತಿಷ್ಠೆಯ ಪಟ್ಟಿ ಅಂತ ಓದಬೇಡಿ. ಅವು ಮೂಲತಃ ಬಿಸಿಯ ನಕ್ಷೆ. 48 ಡಿಗ್ರಿಯಲ್ಲಿ ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ಇನ್ನೂ ಕೆಳಗೆ ಜಾರಿರುತ್ತಾನೆ. ಸಮತಟ್ಟಾದ ನೆಲದ ಮೇಲೆ ಬೆಳಕು ಓರೆಯಾಗಿ ಬಿದ್ದು ಹರಡಿಹೋಗುತ್ತದೆ. ಸೂರ್ಯನಿಗೆ ಮುಖ ಮಾಡಿದ ಇಳಿಜಾರಿನ ಮೇಲೆ ಹೆಚ್ಚು ನೇರವಾಗಿ ಬೀಳುತ್ತದೆ. ಚಳಿ ಊರಿನಲ್ಲಿ ಈ ಒಂದು ಕೋನದಿಂದ ಹಣ್ಣು ಮಾಗುವುದೋ ಹಸಿಯಾಗಿ ಉಳಿಯುವುದೋ ತೀರ್ಮಾನವಾಗುತ್ತಿತ್ತು.

ಗ್ರಾಂ ಕ್ರೂ ಇರುವುದು ಒಂದೇ ಒಂದು ಗುಡ್ಡದ ಮೇಲೆ. ಊರಿನ ಎದುರು, ಸೆರೆನ್ ನದಿಯ ಬಲದಂಡೆಯಲ್ಲಿ, ನೈಋತ್ಯಕ್ಕೆ ಮುಖ ಮಾಡಿದ ಸುಮಾರು 100 ಹೆಕ್ಟೇರ್ ನೆಲ. ಇಡೀ ಶಾಬ್ಲಿಯಲ್ಲಿ ಈಗ ಸುಮಾರು 5,800 ಹೆಕ್ಟೇರ್ ದ್ರಾಕ್ಷಿ ಇದೆ. ಅದರಲ್ಲಿ ಇದು ಎಷ್ಟು ಚಿಕ್ಕ ತುಣುಕು ನೋಡಿ. ಏಳು ಭಾಗಗಳಿಗೆ ಏಳು ಹೆಸರು: ಬ್ಲಾಂಶೋ, ಲೆ ಕ್ಲೋ, ವಾಲ್ಮ್ಯೂರ್, ಗ್ರನೂಯ್, ವೋದೆಸೀರ್, ಪ್ರೋಜ್, ಬೂಗ್ರೋ. ಎಲ್ಲಕ್ಕಿಂತ ದೊಡ್ಡದು ಲೆ ಕ್ಲೋ. ಎಳೆಯದಾಗಿದ್ದಾಗ ಬಿಗಿ, ಬಾಯಿ ಬಿಡುವುದಿಲ್ಲ. ಹತ್ತು ವರ್ಷ ಕಾದರೆ ಅದರಷ್ಟು ಕೊಡುವುದು ಇನ್ನೊಂದಿಲ್ಲ. ವೋದೆಸೀರ್ ಬಟ್ಟಲಿನಂತೆ ಒಳಗೆ ತಿರುಗಿದ ಕಡಿದಾದ ಕಣಿವೆ, ಬಿಸಿಲು ಅಲ್ಲಿ ಸೆರೆಯಾಗುತ್ತದೆ. ಬ್ಲಾಂಶೋ ಗುಡ್ಡದ ತುದಿಯಲ್ಲಿ ಆಗ್ನೇಯಕ್ಕೆ ತಿರುಗಿದೆ, ಬೆಳಗಿನ ಬಿಸಿಲು ಮಾತ್ರ ಚೆನ್ನಾಗಿ ಸಿಗುತ್ತದೆ, ವೈನ್ ಏಳರಲ್ಲಿ ಹೆಚ್ಚು ನಾಜೂಕು. ಒಂದೇ ಗುಡ್ಡ, ಒಂದೇ ಕಲ್ಲು, ಒಂದೇ ದ್ರಾಕ್ಷಿ. ಮುಖ ತಿರುಗಿದ ದಿಕ್ಕು ಬದಲಾದರೆ ವೈನ್ ಬದಲಾಗುತ್ತದೆ. ಟೆರ್ವಾರ್ ಎಂಬುದನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಪ್ರೆಮಿಯೇ ಕ್ರೂ ತೋಟಗಳು ನದಿಯ ಎರಡೂ ದಂಡೆಯಲ್ಲಿವೆ. ಅಧಿಕೃತವಾಗಿ 40 ಹೆಸರುಗಳು. ಎಲ್ಲವನ್ನೂ ನೆನಪಿಡುವ ಅಗತ್ಯ ಇಲ್ಲ. ಬಲದಂಡೆ, ಎಡದಂಡೆ ಎಂಬ ಒಂದು ಭೇದ ತಿಳಿದರೆ ಸಾಕು. ಬಲದಂಡೆಯ ಫೂರ್ಶೋಮ್, ಮೋಂತೇ ದ ತೊನೇರ್ ಗ್ರಾಂ ಕ್ರೂ ಗುಡ್ಡದ ಸಾಲಿನಲ್ಲೇ ಇವೆ. ಸಂಜೆ ಬಿಸಿಲು ಸಿಗುವುದರಿಂದ ವೈನ್ ತುಂಬಿಕೊಂಡಿರುತ್ತದೆ. ಎಡದಂಡೆಯ ವಾಯೋಂ, ಮೊಂಮೆನ್ ಕಿರಿದಾದ ಕಣಿವೆಗಳಲ್ಲಿ ಆಗ್ನೇಯಕ್ಕೆ ನೋಡುತ್ತವೆ. ಅಲ್ಲಿ ಸಂಜೆ ಬೇಗ ತಣ್ಣಗಾಗುತ್ತದೆ, ವೈನ್ ಸಪೂರ, ಚುರುಕು. ಮೋಂತೇ ದ ತೊನೇರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬ್ಲಾಂಶೋ ಪಕ್ಕದಲ್ಲೇ, ನಡುವೆ ಒಂದು ಸಣ್ಣ ಕಣಿವೆ ಬಿಟ್ಟು ಇರುವ ಈ ತೋಟದ ವೈನ್ ಒಳ್ಳೆಯ ಕೈಗೆ ಸಿಕ್ಕರೆ ಗ್ರಾಂ ಕ್ರೂಗೆ ಸರಿಸಾಟಿಯಾಗಿ ನಿಲ್ಲುತ್ತದೆ, ಬೆಲೆ ಮಾತ್ರ ಕಡಿಮೆ.

ಯಾವ ನೆಲವನ್ನು ಶಾಬ್ಲಿ ಎಂದು ಕರೆಯಬೇಕು ಎಂಬುದರ ಮೇಲೆ ಊರಿನಲ್ಲಿ ದೊಡ್ಡ ಜಗಳವೇ ಆಯಿತು. ಕಿಮ್ಮೆರಿಜಿಯನ್ ಮಣ್ಣಿದ್ದರೆ ಮಾತ್ರ ಶಾಬ್ಲಿ ಎಂದು ಒಂದು ಗುಂಪು, ವಿಲಿಯಂ ಫೆವ್ರ್ ಎಂಬ ಬೆಳೆಗಾರ ಅದರ ಮುಂದಾಳು. ಹವೆ, ಇಳಿಜಾರು ಸರಿ ಇದ್ದರೆ ಪೋರ್ಟ್‌ಲ್ಯಾಂಡಿಯನ್ ಮೇಲೂ ಒಳ್ಳೆ ವೈನ್ ಬರುತ್ತದೆ ಎಂದು ಇನ್ನೊಂದು ಗುಂಪು, ಅದಕ್ಕೆ ಜಾನ್ ದ್ಯುರಪ್ ಮುಂದಾಳು. 1970ರ ದಶಕದಲ್ಲಿ ನಿಯಮ ಸಡಿಲವಾಯಿತು, ತೋಟಗಳು ಹರಡಿದವು. ಕಟ್ಟುನಿಟ್ಟಿನ ಗುಂಪಿನ ಆತಂಕ ನನಗೆ ಅರ್ಥವಾಗುತ್ತದೆ. ಹೆಸರು ಹಿಗ್ಗಿದಷ್ಟೂ ತೆಳುವಾಗುತ್ತದೆ. ಆದರೂ ಕಲ್ಲೊಂದೇ ಸಾಲದು ಎಂಬ ಎರಡನೇ ಗುಂಪಿನ ವಾದ ವಿಜ್ಞಾನಕ್ಕೆ ಹತ್ತಿರ.

ಏಪ್ರಿಲ್ ರಾತ್ರಿಗಳು

ಚಳಿ ಕೊಡುವ ಹುಳಿಗೆ ಬೆಲೆಯೂ ಇದೆ. ಚಳಿಗಾಲದಲ್ಲಿ ಮಲಗಿದ ಬಳ್ಳಿ ಸಾಮಾನ್ಯವಾಗಿ ಅಲ್ಲಿನ ಚಳಿಯನ್ನು ಸಹಿಸಿಕೊಳ್ಳುತ್ತದೆ. ಅಪಾಯ ಶುರುವಾಗುವುದು ಏಪ್ರಿಲ್‌ನಲ್ಲಿ ಕಣ್ಣು ಒಡೆದ ಮೇಲೆ. ಎಳೆ ಚಿಗುರಿನ ತುಂಬ ನೀರು. ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಒಳಗಿನ ನೀರು ಹೆಪ್ಪುಗಟ್ಟಿ ಚಿಗುರು ಕಪ್ಪಾಗುತ್ತದೆ. ಇದನ್ನೇ ಫ್ರಾಸ್ಟ್ ಅನ್ನುವುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳು ಅತಿ ಕೆಟ್ಟವು. ನೆಲದ ಬಿಸಿ ಆಕಾಶಕ್ಕೆ ಹೊರಟುಹೋಗುತ್ತದೆ, ತಂಪು ಗಾಳಿ ಭಾರವಾಗಿ ಇಳಿಜಾರಿನ ಗುಂಟ ಜಾರಿ ನದಿಯ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಅತ್ಯಂತ ಬೆಲೆಬಾಳುವ ಗ್ರಾಂ ಕ್ರೂ ಗುಡ್ಡದ ಪಾದವೇ ಮೊದಲು ಸಿಕ್ಕಿಬೀಳುತ್ತದೆ. ಮೇ 11, 12, 13ರ ಮೂರು ದಿನಗಳನ್ನು ಅಲ್ಲಿನ ರೈತರು ಹಿಮದ ಸಂತರ ದಿನ ಅನ್ನುತ್ತಾರೆ. ಅದು ದಾಟುವವರೆಗೆ ಯಾರೂ ನಿಶ್ಚಿಂತೆಯಿಂದ ಮಲಗುವುದಿಲ್ಲ.

ಕಾಪಾಡುವ ಉಪಾಯಗಳು ಎರಡು ಮುಖ್ಯ. ಒಂದು ಬೆಂಕಿ. ಸಾಲುಗಳ ನಡುವೆ ಎಣ್ಣೆಯ ಒಲೆಗಳನ್ನು ಅಥವಾ ಡಬ್ಬಿಯಲ್ಲಿ ತುಂಬಿದ ದಪ್ಪ ಮೇಣದ ದೀಪಗಳನ್ನು ನೂರಾರು ಇಟ್ಟು, ಉಷ್ಣತೆ ಸೊನ್ನೆಗೆ ಬರುತ್ತಲೇ ಹೊತ್ತಿಸುತ್ತಾರೆ. ಕತ್ತಲಲ್ಲಿ ಇಡೀ ಗುಡ್ಡ ದೀಪಗಳಿಂದ ಹೊಳೆಯುವ ಫೋಟೋಗಳನ್ನು ನೀವೂ ನೋಡಿರಬಹುದು. ಚೆಂದದ ಆ ಫೋಟೋ ಹಿಂದೆ ನಿದ್ದೆಗೆಟ್ಟ ಮನೆಮಂದಿ ಇರುತ್ತಾರೆ, ದೊಡ್ಡ ಖರ್ಚು ಇರುತ್ತದೆ.

ಎರಡನೆಯದು ನೀರು. ಕೇಳಿದರೆ ವಿಚಿತ್ರ ಅನ್ನಿಸುತ್ತದೆ: ಚಿಗುರು ಹೆಪ್ಪುಗಟ್ಟದಿರಲಿ ಎಂದು ಅದರ ಮೇಲೆ ಮಂಜುಗಡ್ಡೆ ಕಟ್ಟಿಸುತ್ತಾರೆ. ತುಂತುರು ನೀರು ಬಿಡುತ್ತಾ ಹೋದಾಗ ಅದು ಚಿಗುರಿನ ಸುತ್ತ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರಲ್ಲಿದ್ದ ಶಾಖ ಹೊರಗೆ ಬರುತ್ತದೆ. ಹೊರಗೆ ಕೆಲವು ಡಿಗ್ರಿ ಕೆಳಗಿಳಿದಿದ್ದರೂ ಆ ಶಾಖ ಚಿಗುರನ್ನು ಸೊನ್ನೆ ಡಿಗ್ರಿಯ ಹತ್ತಿರವೇ ಹಿಡಿದಿಡುತ್ತದೆ. ಮುಖ್ಯ ಷರತ್ತು ಇದು: ಬೆಳಗಾಗಿ ಬಿಸಿಲು ಬಂದು ಕರಗುವವರೆಗೆ ನೀರು ನಿಲ್ಲಬಾರದು. ನಡುವೆ ಪಂಪು ಕೆಟ್ಟರೆ ಒದ್ದೆಯಾದ ಚಿಗುರು ಒಣ ಚಿಗುರಿಗಿಂತ ಬೇಗ ಸಾಯುತ್ತದೆ. ಇದಕ್ಕೆ ಅಪಾರ ನೀರು ಬೇಕು. ಶಾಬ್ಲಿಯ ಪಕ್ಕದ ಬೇನ್ ಎಂಬ ಹಳ್ಳಿಯಲ್ಲಿ ಇದಕ್ಕೆಂದೇ ಒಂದು ಕೆರೆ ಕಟ್ಟಿದ್ದಾರೆ. ಬರಗಾಲಕ್ಕೆ ಕೆರೆ ಕಟ್ಟುವುದು ನಮಗೆ ಗೊತ್ತು. ಚಳಿಗೆ ಕಟ್ಟಿದ ಕೆರೆ ಇದು.

ಈ ಉಪಾಯಗಳು ಬಂದದ್ದು 20ನೇ ಶತಮಾನದ ಎರಡನೇ ಅರ್ಧದಲ್ಲಿ. ಅದಕ್ಕೆ ಮೊದಲು ಊರು ಹೆಚ್ಚುಕಡಿಮೆ ಮುಳುಗಿಯೇ ಹೋಗಿತ್ತು. ಶಾಬ್ಲಿಯ ದ್ರಾಕ್ಷಿಗೆ ಮಧ್ಯಯುಗದಷ್ಟು ಹಳೆಯ ಇತಿಹಾಸ ಇದೆ. 1114ರಲ್ಲಿ ಹತ್ತಿರದ ಪೋಂತಿನ್ಯಿಯಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠ ಶುರುವಾಯಿತು, ಅವರು ಶಾಬ್ಲಿಯಲ್ಲಿ ತೋಟ ಪಡೆದು ವೈನ್ ಮಾಡಿದರು. ಓಸೇರ್ ಪಟ್ಟಣದವರೆಗೆ ಗಾಡಿಯಲ್ಲಿ, ಅಲ್ಲಿಂದ ಯೋನ್ ನದಿಯಲ್ಲಿ ದೋಣಿಯೇರಿ ವೈನ್ ಪ್ಯಾರಿಸ್ ಸೇರುತ್ತಿತ್ತು. 19ನೇ ಶತಮಾನದಲ್ಲಿ ಇಡೀ ಯೋನ್ ಜಿಲ್ಲೆಯಲ್ಲಿ ಸುಮಾರು 40,000 ಹೆಕ್ಟೇರ್ ದ್ರಾಕ್ಷಿ ಇತ್ತು. ಆಮೇಲೆ ರೈಲು ಬಂತು. ದಕ್ಷಿಣ ಫ್ರಾನ್ಸಿನ ಅಗ್ಗದ ವೈನ್ ಪ್ಯಾರಿಸಿಗೆ ಸುಲಭವಾಗಿ ತಲುಪತೊಡಗಿತು. ಹಿಂದೆಯೇ ಫಿಲಾಕ್ಸೆರಾ, ಅದರ ಹಿಂದೆ ಮೊದಲ ಮಹಾಯುದ್ಧ. ಯಾವ ವರ್ಷ ಫ್ರಾಸ್ಟ್ ಬೆಳೆ ನುಂಗುತ್ತದೋ ಗೊತ್ತಿಲ್ಲದ ಕಸುಬಿಗೆ ಮತ್ತೆ ದುಡ್ಡು ಹಾಕಲು ಜನ ಹಿಂಜರಿದರು. 1950ರ ದಶಕದಲ್ಲಿ ಶಾಬ್ಲಿಯಲ್ಲಿ ಉಳಿದಿದ್ದು ಸುಮಾರು 500 ಹೆಕ್ಟೇರ್. ಅಲ್ಲಿಂದ 5,800ಕ್ಕೆ ಏರಿದ್ದರ ಹಿಂದೆ ಟ್ರ್ಯಾಕ್ಟರ್ ಇದೆ, ಒಲೆ ಮತ್ತು ತುಂತುರು ನೀರು ಇದೆ, 1923ರಲ್ಲಿ ಬೆಳೆಗಾರರು ಸೇರಿ ಕಟ್ಟಿದ ಲಾ ಶಾಬ್ಲಿಸಿಯೆನ್ ಸಹಕಾರ ಸಂಘವೂ ಇದೆ. ಅದು ಇವತ್ತಿಗೂ ಅಲ್ಲಿನ ಅತಿ ದೊಡ್ಡ ಉತ್ಪಾದಕರಲ್ಲಿ ಒಂದು.

ಉಕ್ಕೋ ಮರವೋ

ಕೊಯ್ಲಾದ ಮೇಲೆ ನೆಲಮಾಳಿಗೆಯಲ್ಲಿ ಆಗುವ ಕೆಲಸವನ್ನು ಚುರುಕಾಗಿ ಹೇಳಿಬಿಡುತ್ತೇನೆ. ರಸ ಹಿಂಡಿ, ಸಕ್ಕರೆ ಪೂರ್ತಿ ಮುಗಿಯುವವರೆಗೆ ಹುದುಗಿಸುತ್ತಾರೆ. ಆಮೇಲೆ ಬ್ಯಾಕ್ಟೀರಿಯಾ ಸಹಾಯದಿಂದ ತೀಕ್ಷ್ಣವಾದ ಮ್ಯಾಲಿಕ್ ಆಮ್ಲ, ಮೊಸರಿನಲ್ಲಿರುವ ಮೆತ್ತನೆಯ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಬಹುಪಾಲು ಶಾಬ್ಲಿಯಲ್ಲಿ ಇದು ನಡೆಯುತ್ತದೆ. ಆದರೂ ಹುಳಿ ಎದ್ದು ಕಾಣುತ್ತದೆ ಅಂದರೆ ಆರಂಭದಲ್ಲಿ ಎಷ್ಟಿತ್ತು ಎಂದು ಊಹಿಸಿ.

ಚರ್ಚೆ ಇರುವುದು ಪಾತ್ರೆಯ ಬಗ್ಗೆ. ಲೂಯಿ ಮಿಶೆಲ್ ಮನೆತನ ದಶಕಗಳಿಂದ ಸ್ಟೀಲ್ ತೊಟ್ಟಿ ಮಾತ್ರ ಬಳಸುತ್ತದೆ. ಮರದ ವಾಸನೆ ನೆಲದ ಗುಣವನ್ನು ಮುಚ್ಚಬಾರದು ಎಂಬ ನಂಬಿಕೆ. ರಾವನೋ, ದೋವಿಸಾ ಮನೆತನಗಳು ಮರದ ಪೀಪಾಯಿ ಬಿಟ್ಟಿಲ್ಲ. ಆದರೆ ಅವರದು ಹಳೆಯ ಪೀಪಾಯಿಗಳು. ಹಳೆ ಮರ ವೆನಿಲ್ಲಾ ವಾಸನೆ ಕೊಡುವುದಿಲ್ಲ, ಸ್ವಲ್ಪ ಗಾಳಿಯನ್ನು ಒಳಗೆ ಬಿಟ್ಟು ವೈನಿನ ಬಿಗಿಯನ್ನು ಸಡಿಲಿಸುತ್ತದೆ. ಶಾಬ್ಲಿಗೆ ತನ್ನದೇ ಆದ 132 ಲೀಟರಿನ ಪುಟ್ಟ ಪೀಪಾಯಿಯೂ ಇತ್ತು. ಹಾಗಾಗಿ ‘ಮರ ಮುಟ್ಟದ್ದೇ ಅಸಲಿ ಶಾಬ್ಲಿ’ ಎಂಬ ಮಾತಿಗೆ ಇತಿಹಾಸದ ಬೆಂಬಲ ಇಲ್ಲ. ಹೊಸ ಓಕ್ ವಾಸನೆ ಮುಂದೆ ಬಂದು ನಿಲ್ಲುವ ಶಾಬ್ಲಿ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಅದನ್ನು ಬೇರೆ ಎಲ್ಲಿ ಬೇಕಾದರೂ ಮಾಡಬಹುದಲ್ಲ?

ಹೆಸರಿನ ದುರ್ಬಳಕೆಯನ್ನೂ ತಿಳಿದಿರಬೇಕು. 20ನೇ ಶತಮಾನದಲ್ಲಿ ಅಮೆರಿಕದಲ್ಲಿ ಯಾವುದೇ ಅಗ್ಗದ ಬಿಳಿ ವೈನಿಗೆ ಶಾಬ್ಲಿ ಎಂದು ಹೆಸರಿಡುತ್ತಿದ್ದರು. ಅದರಲ್ಲಿ ಶಾರ್ಡನೆ ಇರಬೇಕೆಂದೂ ಇರಲಿಲ್ಲ. 2006ರಲ್ಲಿ ಯುರೋಪ್ ಜೊತೆ ಆದ ಒಪ್ಪಂದ ಹೊಸಬರಿಗೆ ಅದನ್ನು ತಡೆಯಿತು. ಮೊದಲೇ ಬಳಸುತ್ತಿದ್ದವರಿಗೆ ವಿನಾಯಿತಿ ಉಳಿಯಿತು. ಬಾಟಲಿಯಲ್ಲಿ ಫ್ರಾನ್ಸ್ ಎಂದಿದೆಯೇ ನೋಡಿ ಕೊಳ್ಳಿ.

ಹೊಸದಾಗಿ ಪರಿಚಯ ಮಾಡಿಕೊಳ್ಳುವವರು ಗ್ರಾಂ ಕ್ರೂಗೆ ದುಡ್ಡು ಸುರಿಯಬೇಕಾಗಿಲ್ಲ. ಸಾದಾ ‘ಶಾಬ್ಲಿ’ ದರ್ಜೆಯ ಒಂದು ಒಳ್ಳೆ ಬಾಟಲಿಯಲ್ಲಿ ಊರಿನ ಗುಣ ಅತ್ಯಂತ ಸ್ಪಷ್ಟವಾಗಿ ಸಿಗುತ್ತದೆ. ಎರಡರಿಂದ ಐದು ವರ್ಷದೊಳಗೆ ಕುಡಿಯುವುದು ಚೆನ್ನ. ಗ್ರಾಂ ಕ್ರೂ ಎಳೆಯದರಲ್ಲಿ ತೆರೆದರೆ ನಷ್ಟ. ಹತ್ತು ವರ್ಷ ದಾಟಿದ ಮೇಲೆ ಅದರಲ್ಲಿ ಜೇನು, ಒಣಹುಲ್ಲು, ಅಣಬೆಯ ಛಾಯೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿಯಬೇಡಿ. ಸಾದಾ ಶಾಬ್ಲಿಗೆ 10 ಡಿಗ್ರಿ, ಗ್ರಾಂ ಕ್ರೂಗೆ 12ರಿಂದ 14 ಡಿಗ್ರಿ ಸರಿ. ತೀರಾ ತಣ್ಣಗಿದ್ದರೆ ಹುಳಿ ಮಾತ್ರ ಉಳಿದು ಘಮ ಅಡಗುತ್ತದೆ. ಸಿಂಪಿಯ ಜೊತೆ ಅದು ಒಗ್ಗುವುದಕ್ಕೆ ನಿಜವಾದ ಕಾರಣ ಪಳೆಯುಳಿಕೆಯಲ್ಲ. ಸಮುದ್ರದ ಉಪ್ಪಿಗೆ ನಿಂಬೆ ಹಿಂಡಿದಂಥ ಹುಳಿ ಬೇಕು, ಮರದ ವಾಸನೆ ಅಡ್ಡ ಬರಬಾರದು. ಶಾಬ್ಲಿ ಎರಡನ್ನೂ ಪೂರೈಸುತ್ತದೆ.

ಅಂಚು ಸರಿಯುತ್ತಿದೆ

ಹಿಂದೆ ಶಾಬ್ಲಿಯಲ್ಲಿ ಕೊಯ್ಲು ಸೆಪ್ಟೆಂಬರ್ ಕೊನೆಗೆ, ಎಷ್ಟೋ ವರ್ಷ ಅಕ್ಟೋಬರ್‌ಗೆ. 2003ರ ಬಿರುಬೇಸಿಗೆಯಲ್ಲಿ ಆಗಸ್ಟ್‌ನಲ್ಲೇ ಕೊಯ್ದಾಗ ಅದನ್ನು ಅಪರೂಪ ಎಂದುಕೊಂಡರು. 2020ರಲ್ಲೂ ಆಗಸ್ಟ್‌ನಲ್ಲೇ ಶುರುವಾಯಿತು. ಸಕ್ಕರೆ ಸಾಲದು ಎಂಬ ಹಳೆಯ ಚಿಂತೆ ಹೋಗಿ, ಹುಳಿ ಉಳಿಯುವುದು ಹೇಗೆ ಎಂಬ ಚಿಂತೆ ಬಂದಿದೆ.

ಬಿಸಿ ಹೆಚ್ಚಾದರೆ ಫ್ರಾಸ್ಟ್ ಕಾಟ ಕಡಿಮೆಯಾಗಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ಆದದ್ದು ಬೇರೆ. ಚಳಿಗಾಲ ಬೆಚ್ಚಗಾಗಿ ಕಣ್ಣು ಬೇಗ ಒಡೆಯುತ್ತದೆ. ಏಪ್ರಿಲ್‌ನ ತಣ್ಣನೆ ರಾತ್ರಿಗಳು ಮಾತ್ರ ಪೂರ್ತಿ ಹೋಗಿಲ್ಲ. ಮೊದಲು ಮುಚ್ಚಿದ ಕಣ್ಣಿನ ಮೇಲೆ ಬೀಳುತ್ತಿದ್ದ ಚಳಿ ಈಗ ತೆರೆದ ಚಿಗುರಿನ ಮೇಲೆ ಬೀಳುತ್ತದೆ. 2016ರಲ್ಲಿ ಫ್ರಾಸ್ಟ್ ಜೊತೆ ಆಲಿಕಲ್ಲು ಮಳೆಯೂ ಸೇರಿ ಭಾರಿ ನಷ್ಟವಾಯಿತು. 2021ರ ಏಪ್ರಿಲ್ ಮೊದಲ ಭಾಗದಲ್ಲಿ ಮತ್ತೆ ಹಾಗೆಯೇ ಆಯಿತು. ಆ ಘಟನೆಯನ್ನು ಪರಿಶೀಲಿಸಿದ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು, ಹವಾಮಾನ ಬದಲಾವಣೆಯಿಂದ ಚಿಗುರುವುದು ಮುಂಚೆಯಾಗಿ ಇಂಥ ಹಾನಿಯ ಸಾಧ್ಯತೆ ಹೆಚ್ಚಿದೆ ಎಂದು ಕಂಡುಕೊಂಡರು.

ಬೆಳೆಗಾರರು ಸುಮ್ಮನೆ ಕೂತಿಲ್ಲ. ಕಣ್ಣು ತಡವಾಗಿ ಒಡೆಯಲಿ ಎಂದು ಕಡ್ಡಿ ಸವರುವುದನ್ನು ಮುಂದೂಡುತ್ತಾರೆ. ಹಣ್ಣಿನ ಮೇಲೆ ನೆರಳಿರಲಿ ಎಂದು ಎಲೆ ಕೀಳುವುದನ್ನು ಕಡಿಮೆ ಮಾಡಿದ್ದಾರೆ. ಕೊಯ್ಲಿನ ದಿನವನ್ನು ಹುಳಿ ನೋಡಿ ನಿರ್ಧರಿಸುತ್ತಾರೆ, ಬೆಳಗಿನ ತಂಪಿನಲ್ಲೇ ಕೊಯ್ಯುತ್ತಾರೆ.

ಇದರ ನಡುವೆ ದರ್ಜೆಗಳ ಅರ್ಥವೂ ನಿಧಾನವಾಗಿ ಬದಲಾಗುತ್ತಿದೆ. 1938ರಲ್ಲಿ ಬಿಸಿಲು ಹಿಡಿಯುವ ಇಳಿಜಾರಿಗೆ ಮೇಲಿನ ಸ್ಥಾನ ಕೊಟ್ಟರು, ಯಾಕೆಂದರೆ ಬಿಸಿಯೇ ಆಗ ಅಪರೂಪದ ಸಂಪತ್ತು. ಗುಡ್ಡದ ನೆತ್ತಿಯ ಗಾಳಿ ಬೀಸುವ ಪೋರ್ಟ್‌ಲ್ಯಾಂಡಿಯನ್ ನೆಲ ಪೆಟಿ ಶಾಬ್ಲಿ ಎಂದು ಕೆಳಗೆ ಉಳಿಯಿತು. 2018, 2020, 2022ರಂಥ ಬಿಸಿ ವರ್ಷಗಳಲ್ಲಿ ಆ ನೆತ್ತಿಯ ಹಣ್ಣು ಹಿಂದೆಂದಿಗಿಂತ ಚೆನ್ನಾಗಿ ಮಾಗುತ್ತಿದೆ, ಹುಳಿಯನ್ನೂ ಉಳಿಸಿಕೊಳ್ಳುತ್ತಿದೆ. ಎಡದಂಡೆಯ ತಣ್ಣನೆ ಕಣಿವೆಗಳ ಪ್ರೆಮಿಯೇ ಕ್ರೂಗಳನ್ನೂ ಈಗ ಹುಡುಕಿ ಕೊಳ್ಳುವವರಿದ್ದಾರೆ. ಬಿಸಿ ವರ್ಷದ ಶಾಬ್ಲಿ ಕೊಳ್ಳುವಾಗ ನಾನೂ ಅತ್ತ ಕಡೆಯೇ ಕೈ ಚಾಚುತ್ತೇನೆ.